ಊರಮ್ಮ ಕೊಟ್ಟ ಹೂವು

ನಮ್ಮೂರಮ್ಮ ಹೂವು ಕೊಡುತ್ತಿದ್ದಳು. ಮೂರ್ತಿಗೆ ಏರಿಸಿದ ಹೂವು ಬಲಗಡೆಯಿಂದ ಬಿದ್ದರೆ ಆಗಲಿ ಅಂತ, ಎಡಗಡೆಯಿಂದ ಬಿದ್ದರೆ ಬೇಡ ಅಂತ. ಹುಲಿಕುಂಟೆ ಕಡೆ ನಮ್ಮ ಹಳ್ಳಿಯಲ್ಲಿ ಮದುವೆಗೂ ಅವಳ ಅಪ್ಪಣೆ ಬೇಕು, ಕುರಿ ಮಾರೋದಕ್ಕೂ ಬೇಕು. ನನಗೆ ಮೊದಲಿಂದಲೂ ಗುಮಾನಿ. ಅಲ್ಲಾ, ಆ ತಾಯಿ ಪೂಜಾರಿಗೆ ಬೇಡದ ಮಾತು ಒಂದು ದಿನವಾದರೂ ಆಡಬೇಡವೇ?

ಎಪ್ಪತ್ತರ ದಶಕದ ಕೊನೆಯಲ್ಲಿ ನನ್ನ ತಂಗಿಗೆ ತುಮಕೂರಲ್ಲಿ ಮೇಷ್ಟ್ರ ಟ್ರೇನಿಂಗಿಗೆ ಸೀಟು ಸಿಕ್ಕಿತು. ಅಪ್ಪ ಅಜ್ಜಿಯ ಮಾತು ಮೀರುವವನಲ್ಲ. ಅಜ್ಜಿ, "ಹೂ ಕೇಳಾನ" ಅಂದಳು. ಪೂಜಾರಿಗೋ ತಂಗಿಯನ್ನು ಸೊಸೆ ಮಾಡಿಕೊಳ್ಳೋ ಆಸೆ.

ಅವನು ಕಣಗಿಲೆ ಏರಿಸುವಾಗ ಕಣ್ಣು ಕೀಲಿಸಿ ನೋಡಿದೆ. ಬಲಗಡೆಯ ಹೂವನ್ನು ಒದ್ದೆ ಕೈಯಲ್ಲಿ ಒತ್ತಿ ಅಂಟಿಸಿದ. ಎಡಗಡೆಯದನ್ನು ಸುಮ್ಮನೆ ಆನಿಸಿಟ್ಟ. ಗಂಟೆ ಬಾರಿಸುವಷ್ಟರಲ್ಲಿ ಎಡಗಡೆಯದೇ ಜಾರಿತು. ತಂಗಿ ಕಂಬ ಹಿಡಿದುಕೊಂಡು ಅತ್ತುಬಿಟ್ಟಳು. ನನಗೆ ಮೈಯೆಲ್ಲ ಉರಿದುಹೋಯಿತು.

ದಾರಿಯಲ್ಲಿ ಅಜ್ಜಿಗೆ ಕಂಡದ್ದೆಲ್ಲ ಹೇಳಿದೆ.

"ಬಾಯ್ ಮುಚ್ಚೇ, ನಾಲ್ಗೆ ಬಿದ್ದೋಗ್ತದೆ!"

ನಾನು ಬಿಡಲಿಲ್ಲ. "ಇನ್ನೊಂದ್ಸಲ ಕೇಳಜ್ಜಿ. ಪೂಜಾರಿಗೆ ಮದ್ವೆ ವಿಚಾರ ಅಂತ ಹೇಳು, ಮನ್ಸಲ್ಲಿ ಬೇರೇನಾರ ಕೇಳ್ಕೊ. ಊರಮ್ಮಂಗೆ ನಿನ್ ಮನ್ಸು ಗೊತ್ತಾಗಲ್ವಾ?"

ಅಜ್ಜಿ ಮನೆ ತಲುಪುವವರೆಗೂ ಎಲೆಅಡಿಕೆ ಅಗಿಯುತ್ತಲೇ ಇದ್ದಳು.

ಮುಂದಿನ ಶುಕ್ರವಾರ ಗುಡಿಯಲ್ಲಿ ಅವಳೇ ಬಾಯಿಬಿಟ್ಟಳು. "ನಿನ್ ಮಗಂಗೆ ಹುಡುಗೀನ ಕೊಡೋ ವಿಚಾರ ಕಣಪ್ಪ." ಪೂಜಾರಿಯ ಮುಖ ಅರಳಿತು. ಈ ಸಲ ಒದ್ದೆ ಕೈ ಎಡಗಡೆಗೆ ಹೋಯಿತು. ಅಜ್ಜಿ ಕಣ್ಣು ಮುಚ್ಚಿ ಕೈಮುಗಿದಳು. ಬಲಗಡೆಯ ಹೂ ಪಟ್ಟಂತ ಬಿತ್ತು. ಅಜ್ಜಿ ಮನಸ್ಸಲ್ಲಿ ಕೇಳಿದ್ದೇನೋ ನನಗೂ ಗೊತ್ತಿಲ್ಲ. ನಿಜಕ್ಕೂ ಮದುವೆಯನ್ನೇ ಕೇಳಿಬಿಟ್ಟಳೇನೋ ಅಂತ ಅವಳ ಮುಖವನ್ನೇ ನೋಡಿದೆ. ತಂಗಿ ನನ್ನ ರಟ್ಟೆ ಹಿಡಿದುಕೊಂಡಳು.

"ಅಪ್ಪಣೆ ಆಯ್ತಲ್ಲ ಕಣಜ್ಜಿ, ಲಗ್ನ ಯಾವಾಗ ಇಟ್ಕಳಾನ?" ಅಂದ ಪೂಜಾರಿ.

ಅಜ್ಜಿ ಹೂವನ್ನು ಕಣ್ಣಿಗೊತ್ತಿಕೊಂಡು ಸೆರಗಿಗೆ ಕಟ್ಟಿಕೊಂಡಳು. "ಲಗ್ನ ಯಾವನ್ಲಾ ಕೇಳ್ದೋನು? 'ತಾಯೀ, ಈ ಪೂಜಾರಿ ನಂಗೆ ಮೋಸ ಮಾಡ್ತಾವ್ನಾ? ದಿಟ ಆದ್ರೆ ಬಲಗಡೆ ಕೊಡು' ಅಂತ ಕೇಳ್ದೆ. ಕೊಟ್ಬುಟ್ಲು ಕಣ್ಲಾ."

ಪೂಜಾರಿ ಈಗ ಊರಮ್ಮ ಸುಳ್ಳು ಹೇಳಿದಳು ಅನ್ನೋ ಹಾಗಿಲ್ಲ, ತಾನೇ ಬೀಳಿಸಿದೆ ಅನ್ನೋ ಹಾಗೂ ಇಲ್ಲ.

ಮೋಸದಿಂದ ಬಿದ್ದ ಮೊದಲ ಹೂವು ಲೆಕ್ಕಕ್ಕಿಲ್ಲ ಅಂತ ಅಜ್ಜಿ ಅಪ್ಪನಿಗೆ ಹೇಳಿದಳು; ಆ ಸೋಮವಾರವೇ ತಂಗಿ ತುಮಕೂರಿನ ಬಸ್ಸು ಹತ್ತಿದಳು. ಬಾಡಿದ ಕಣಗಿಲೆಯನ್ನು ಅಜ್ಜಿ ಅವಳ ಟ್ರಂಕಿನಲ್ಲಿ, ಸೀರೆಗಳ ಮೇಲೆ ಇಟ್ಟಿದ್ದಳು. ನಾನು ತೆಗೆಯಲು ಹೋಗಲಿಲ್ಲ.