ಪೋನಿರಜ್ಜಿ ಎಣಿಸಿ ತಪ್ಪಿದ ದಿನ

ನಮ್ಮೂರಲ್ಲಿ ದೇವರ ವಿಷಯಕ್ಕೆ ಬೇಕಾದರೆ ಜಗಳ ಆಡಬಹುದಿತ್ತು, ಪೋನಿರಜ್ಜಿಯ ಲೆಕ್ಕದ ವಿಷಯಕ್ಕೆ ಆಡುವಂತಿರಲಿಲ್ಲ. ಜಾವಾದ ಜನಕ್ಕೆ ವಾರದ ಏಳು ದಿನ ಸಾಲದು, ಪಕ್ಕದಲ್ಲಿ ಐದು ಸಂತೆದಿನಗಳೂ ಓಡುತ್ತಿರಬೇಕು. ಹುಟ್ಟಿದ ವಾರವೂ ಸಂತೆದಿನವೂ ಮತ್ತೆ ಕೂಡಿ ಬರಲು ಮೂವತ್ತೈದು ದಿನ, ಅದೇ ಒಂದು ಸುತ್ತು. ಯಾರ ಮದುವೆ ಯಾವಾಗ, ಯಾರ ಬಾವಿ ಎಂದು ತೋಡಬೇಕು, ಎಲ್ಲವನ್ನೂ ಅಜ್ಜಿ ಬೆರಳಿನ ಗೆಣ್ಣು ಎಣಿಸಿ ಹೇಳುತ್ತಿದ್ದಳು. ಹೊಟ್ಟೆಪಾಡಿಗೆ ಬೇಯಿಸಿದ ಸೊಪ್ಪಿಗೆ ಕಡಲೆಕಾಯಿ ಚಟ್ನಿ ಸುರಿದು, ಎಲೆಯಲ್ಲಿ ಕಟ್ಟಿ ಮಾರುತ್ತಿದ್ದಳು. ಚಟ್ನಿ ಹಳಸಿದೆ ಎಂದರೆ ನಗುತ್ತಿದ್ದಳು. ದಿನ ತಪ್ಪಾಗಿದೆ ಎಂದವನಿಗೆ ಮಾತ್ರ ಎಲೆಯಡಿಕೆಯ ಕೆಂಪು ಉಗುಳು ಗ್ಯಾರಂಟಿ.

ನಾವು ಹೆಸರಿಗೆ ಚೀನೀಯರು. ನನ್ನ ಅಜ್ಜನ ಅಜ್ಜನೂ ಇದೇ ಊರಲ್ಲಿ ಹುಟ್ಟಿದವನು. ನನಗೆ ಬರುವ ಚೀನೀ ಮಾತೆಂದರೆ ಎರಡು ಬೈಗುಳ, ಎರಡನ್ನೂ ಮಾವನಿಂದ ಕಲಿತದ್ದು. ನನ್ನ ಮಗಳು ಲಿಯಾನ್ ಹುಟ್ಟಿದಾಗ ನಾವೂ ಅಜ್ಜಿಯನ್ನೇ ಕರೆದೆವು. ಅದೇ ದಿನ, ಅದೇ ಹೊತ್ತಿಗೆ, ಹಿಂದಿನ ಕೇರಿಯ ಸುರಾಜಿಗೆ ಗಂಡು ಹುಟ್ಟಿತ್ತು. ಸುರಾಜಿ ಲವಂಗದ ಸಿಗರೇಟು ಸುತ್ತುವ ಕೆಲಸದವನು. "ಏಳು ಸುತ್ತು ಮುಗಿಯೋವರೆಗೂ ಮಗೂನ ಕಾಲು ನೆಲ ಮುಟ್ಟಬಾರದು. ಆ ದಿನ ನಾಲ್ಕು ಜನಕ್ಕೆ ಊಟ ಹಾಕಿ ಇಳಿಸಿ," ಎಂದು ಅಜ್ಜಿ ಎರಡೂ ಮನೆಗೆ ಹೇಳಿ ಹೋದಳು. ಏಳು ಸುತ್ತು ಎಂದರೆ ಇನ್ನೂರ ನಲವತ್ತೈದು ದಿನ. ನಿಯಮ ಅವಳದು, ಸೊಂಟ ನನ್ನದು.

ಇನ್ನು ಹದಿಮೂರು ದಿನ ಇದೆ ಎನ್ನುವಾಗ ಗಲಾಟೆ ಎದ್ದಿತು. ಆ ವರ್ಷ ಜ್ವರಕ್ಕೆ ಕೇರಿಕೇರಿಯಲ್ಲಿ ಹೆಣ ಬೀಳುತ್ತಿದ್ದವು. ಜ್ವರ ಓಡಿಸಲೆಂದು ನಮ್ಮವರು ಗುಡಿಯ ದೇವರನ್ನು ಮೆರವಣಿಗೆಗೆ ಇಳಿಸಿದರು. ಮಸೀದಿ ಮುಂದೆ ಡೋಲು ನಿಲ್ಲಿಸಲಿಲ್ಲವೆಂದು ಊರಿನ ಮುಸ್ಲಿಮರು ಸಿಟ್ಟಾದರು, ದಾರಿಗೆ ಗಾಡಿ ಅಡ್ಡ ಇಟ್ಟರೆಂದು ನಮ್ಮವರು. ಜ್ವರ ಓಡಲಿಲ್ಲ, ನಮ್ಮವರು ಓಡಬೇಕಾಯಿತು.

ಮಾರನೇ ಮಧ್ಯಾಹ್ನ ಪೇಟೆ ಕಡೆ ಹೊಗೆ ಕಂಡಿತು. ನನ್ನ ಗಂಡ ಸರಕು ತರಲು ಬಂದರಿಗೆ ಹೋಗಿದ್ದ. ಮಾವ ಬಚ್ಚಲ ಹಿಂದಿನ ಖಾಲಿ ಗುಡಾಣಕ್ಕೆ ಇಳಿದು ಕೂತು, "ಮುಚ್ಚಳ ಹಾಕು," ಎಂದರು. ಸೊಸೆ ಮೊಮ್ಮಗಳು ಏನಾಗಬೇಕು ಎಂದು ಹೇಳಲಿಲ್ಲ. ನಾನೂ ಕೇಳಲಿಲ್ಲ, ಮುಚ್ಚಳ ಸ್ವಲ್ಪ ಗಟ್ಟಿಯಾಗಿಯೇ ಹಾಕಿದೆ.

ಅಷ್ಟರಲ್ಲಿ ಪೋನಿರಜ್ಜಿ ಹಿಂಬಾಗಿಲಿಂದ ಬಂದಳು. ಕಂಕುಳಲ್ಲಿ ಬಿದಿರಿನ ಕೋಳಿಪಂಜರ. ಹಿಂದೆ ಅವಳ ಗಂಡ ಕಸಾನ್, ಊರಿನ ಶುಭ ಅಶುಭಕ್ಕೆಲ್ಲ ಪ್ರಾರ್ಥನೆ ಹೇಳುವವನು.

"ಅಳೋದು ಆಮೇಲೆ ಅಳುವಂತೆ. ಅಂಟಕ್ಕಿ ಎಷ್ಟಿದೆ?"

"ಅಜ್ಜಿ, ಮನೆ ಸುಡೋಕೆ ಬರ್ತಿದಾರೆ, ನೀವು ಅಕ್ಕಿ ಕೇಳ್ತೀರಾ?"

"ಬರೋರು ನಮ್ಮ ಕೇರಿ ಹೈಕಳೇ ಅಲ್ವೇನೇ? ಎಲೆ ಹಾಕಿ ಪ್ರಾರ್ಥನೆ ಶುರುವಾದ ಮನೆಗೆ ಯಾವನೂ ಬೆಂಕಿ ಇಡಲ್ಲ. ಕೂತು ಆಮೀನ್ ಅನ್ಲೇಬೇಕು, ಇಲ್ದಿದ್ರೆ ಅವನ ಮನೇಗೇ ಕೇಡು. ನಿನ್ನ ಮಗಳನ್ನ ಇವತ್ತು ನೆಲಕ್ಕೆ ಇಳಿಸೋಣ."

"ಇನ್ನೂ ಹನ್ನೆರಡು ದಿನ ಇದೆಯಲ್ಲಜ್ಜಿ!"

ಅವಳು ನನ್ನ ಮುಖ ನೋಡಲಿಲ್ಲ. "ಒಲೆ ಹಚ್ಚು," ಎಂದಳು.

ಕೂಸನ್ನು ನಡೆಸುವ ಅನ್ನಕ್ಕೆ ಏಳು ಬಣ್ಣ ಬೇಕು. ಅರಿಸಿನ, ಶಂಖಪುಷ್ಪ, ಬೆಲ್ಲ, ಬರೀ ಬಿಳಿ, ಎಲ್ಲ ಸೇರಿ ನಾಲ್ಕಾಯಿತು. ನಮ್ಮ ಪೂರ್ವಜರ ಪೂಜೆಯ ಪೀಠ ಬರುವವರ ಕಣ್ಣಿಗೆ ಬೀಳದಿರಲೆಂದು ಅಜ್ಜಿ ಅದರ ಮೇಲೆ ಲಿಯಾನಳ ಒದ್ದೆ ಬಟ್ಟೆಗಳನ್ನು ಹರವಿದಳು. ಹಿರಿಯರು ಕ್ಷಮಿಸಲಿ, ಅವರೂ ಒಂದು ಕಾಲಕ್ಕೆ ಒದ್ದೆ ಮಾಡಿದವರೇ.

ಅವರು ಬಂದಾಗ ಇಪ್ಪತ್ತು ಜನವಿದ್ದರು. ಮುಂದೆ ಸುರಾಜಿ, ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಸೀಮೆಎಣ್ಣೆ ಡಬ್ಬ. ಅಂಗಳದಲ್ಲಿ ಎಲೆ ಹಾಸಿತ್ತು. ಕಸಾನ್ ಕಣ್ಣು ಮುಚ್ಚಿ ಶುರುಮಾಡಿದ, ಗಾಬರಿಯಲ್ಲಿ ಸತ್ತವರ ಪ್ರಾರ್ಥನೆ. ಅಜ್ಜಿ ಪಕ್ಕೆಗೆ ತಿವಿದ ಮೇಲೆ ದಾರಿಗೆ ಬಂದ.

"ಏನ್ರೋ ಮರದ ಥರ ನಿಂತಿದೀರಾ? ಕತ್ತಿ ಹೊರಗಿಡಿ, ಕಾಲು ತೊಳೀರಿ, ಕೂತ್ಕೊಳಿ!" ಎಂದು ಅಜ್ಜಿ ಗದರಿದಳು.

ಹಿಂದಿದ್ದವರು ಅಭ್ಯಾಸಬಲದಿಂದ ಕೂತೇಬಿಟ್ಟರು, ಲೂಟಿಯ ಸಾಮಾನು ಪಕ್ಕದಲ್ಲಿಟ್ಟುಕೊಂಡು. ಅದರಲ್ಲಿ ಮೂಲೆಮನೆಯ ಮುದುಕ ಖೂ ಅವರ ಗೋಡೆಗಡಿಯಾರವಿತ್ತು. ಪ್ರಾರ್ಥನೆಯ ನಡುವೆ ಅದು ನಾಲ್ಕು ಹೊಡೆಯಿತು.

ಸುರಾಜಿ ಮಾತ್ರ ಕೂರಲಿಲ್ಲ. "ನಿಲ್ಲಜ್ಜಿ. ಈ ಕೂಸೂ ನನ್ನ ಮಗನೂ ಒಂದೇ ದಿನ ಹುಟ್ಟಿದ್ದು. ನನ್ನ ಮಗಂಗೆ ಇನ್ನೂ ಹನ್ನೆರಡು ದಿನ ಅಂದಿದ್ದಿ. ಇದಕ್ಕೆ ಹೆಂಗೆ ಇವತ್ತು? ನಾಟಕ ಆಡ್ತೀಯಾ?"

ಲಿಯಾನ್ ನನ್ನ ಸೊಂಟದಲ್ಲಿದ್ದಳು. ಅವಳ ಕಾಲನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ಕಿರುಚಿಕೊಂಡಳು. ಇಪ್ಪತ್ತು ಮುಖವೂ ಅಜ್ಜಿಯ ಕಡೆ ತಿರುಗಿದವು. ಆ ಇಪ್ಪತ್ತರಲ್ಲಿ ಅವಳು ದಿನ ನೋಡದೆ ಮದುವೆಯಾದವನು ಒಬ್ಬನೂ ಇರಲಿಲ್ಲ.

ಅಜ್ಜಿ ಬಾಯಲ್ಲಿದ್ದುದನ್ನು ಉಗಿದು ಬಂದಳು. "ನಾನು ತಪ್ಪಿ ಹೇಳಿದ್ದೆ ಕಣೋ. ಮುದುಕಿ. ಗೆಣ್ಣು ಜಾರ್ತು. ಇವತ್ತೇ."

"ಇವತ್ತಾ?" ಸುರಾಜಿಯ ಮುಖ ಸುಣ್ಣವಾಯಿತು. "ಹಂಗಾದ್ರೆ ನನ್ನ ಮಗಂದೂ..."

"ಹೊತ್ತು ಮುಳುಗೋದ್ರೊಳಗೆ ಎತ್ಕೊಂಡು ಬಾ. ಆ ಡಬ್ಬ ಎಲ್ಲಿಗೆ ಹೊತ್ಕೊಂಡು ಹೋಗ್ತೀಯಾ, ಕೂಸಿಗೆ ಕುಡಿಸೋಕಾ? ಇಲ್ಲಿಡು."

ಡಬ್ಬ ಇಟ್ಟು ಓಡಿದ. ಡಬ್ಬ ನಮ್ಮಲ್ಲೇ ಉಳಿಯಿತು, ಎರಡು ತಿಂಗಳು ದೀಪಕ್ಕಾಯಿತು.

ಎರಡು ಕೂಸನ್ನೂ ಒಂದೇ ಅನ್ನದ ಮೇಲೆ ನಡೆಸಿ, ಒಂದೇ ಪಂಜರದಲ್ಲಿ ಕೂರಿಸಿದೆವು. ಒಳಗಿಟ್ಟ ಬಾಚಣಿಗೆ, ಪೆನ್ಸಿಲು, ಹಿಡಿ ಭತ್ತದಲ್ಲಿ ಕೂಸು ಯಾವುದನ್ನು ಹಿಡಿಯುತ್ತದೋ ಅದರಂತೆ ಮುಂದಿನ ಬಾಳು. ಸುರಾಜಿಯ ಮಗ ಪಂಜರದ ಮೂಲೆಯಲ್ಲಿದ್ದ ಕೋಳಿಹಿಕ್ಕೆ ಹಿಡಿದ. ಲಿಯಾನ್ ಅವನ ಜುಟ್ಟು ಹಿಡಿದಳು, ಅವನು ಇವಳ ಕಿವಿ ಹಿಡಿದ. ಅವತ್ತು ಊರಲ್ಲಿ ನಡೆದ ಹೊಡೆದಾಟಗಳಲ್ಲಿ ಅದೊಂದೇ ಸಮಸಮವಾಗಿದ್ದು. ಎಲ್ಲರೂ ನಕ್ಕರು. ಆಮೀನ್ ಎಂದರು, ಊಟದ ಎಲೆಗಂಟು ಕಟ್ಟಿಕೊಂಡು ಮನೆಗೆ ಹೋದರು. ಗಡಿಯಾರವನ್ನೂ ಒಯ್ದರು.

ಮೂಲೆಮನೆಯ ಖೂ ತಮ್ಮ ಹಿತ್ತಿಲ ಬಾಗಿಲಲ್ಲಿ ಸತ್ತು ಬಿದ್ದಿದ್ದರು. ನಮ್ಮ ಸಾಲಿನಲ್ಲಿ ಉಳಿದದ್ದು ನಮ್ಮ ಮನೆ ಒಂದೇ. ಡಚ್ಚರ ಪೊಲೀಸರು ಮೂರನೇ ದಿನ ಬಂದು ಬೂದಿಗೆ ಕಾವಲು ನಿಂತರು. ಮಾವ, ತಾನು ಒಳಗಿನಿಂದಲೇ ಎಲ್ಲ ನೋಡಿಕೊಳ್ಳುತ್ತಿದ್ದೆ ಎಂದು ನನ್ನ ಗಂಡನಿಗೆ ಹೇಳಿದರು.

ಅಜ್ಜಿಯ ಹತ್ತಿರ ದಿನ ಕೇಳಲು ಮತ್ತೆ ಯಾರೂ ಬರಲಿಲ್ಲ. ಗಂಡ ಬಿಟ್ಟವಳು, ಬಾವಿಯಲ್ಲಿ ಉಪ್ಪುನೀರು ಬಂದವನು, ಎಲ್ಲರಿಗೂ ತಮ್ಮ ಕಷ್ಟದ ಕಾರಣ ಈಗ ಹೊಳೆಯಿತು. "ಇವತ್ತು ಯಾವ ವಾರ ಅಂತಾದ್ರೂ ಗೊತ್ತಾ ಅಜ್ಜಿ?" ಎಂದು ಸೊಪ್ಪು ಕೊಳ್ಳುವವರೂ ಚುಡಾಯಿಸುತ್ತಿದ್ದರು. ಬೈಗುಳದ ಬುಟ್ಟಿ ಹೊತ್ತು ತಿರುಗುತ್ತಿದ್ದವಳು ತಲೆ ತಗ್ಗಿಸಿ ಚಟ್ನಿ ಸುರಿಯುತ್ತಿದ್ದಳು.

ಹನ್ನೆರಡನೇ ದಿನ ಬೆಳಿಗ್ಗೆಯೇ ಬಂದು ಲಿಯಾನಳ ಪಾದಗಳನ್ನು ಅಂಗಳದ ಮಣ್ಣಿಗೆ ಒತ್ತಿದಳು. "ನಿಜವಾದ ದಿನ ಇವತ್ತೇ. ನಿನ್ನದು ಸರಿಹೋಯ್ತು." ಆದರೆ ಹೋಗಲಿಲ್ಲ, ಅಲ್ಲೇ ಕೂತಳು. "ಆ ಹುಡುಗಂದು ಉಳೀತಲ್ಲೇ. ನೆನ್ನೆ ಹೋಗಿದ್ದೆ. ಲೆಕ್ಕ ತಪ್ಪೋ ಮುದುಕಿ ಕೈಗೆ ಮಗು ಕೊಡಲ್ಲ ಅಂದ ಸುರಾಜಿ. ಇವತ್ತು ದಾಟಿದ್ರೆ ಆ ಕೂಸಿನ ಪಾಪ ನಂಗೆ."

ನನ್ನ ಮನೆ ಸುಡಲು ಬಂದವನ ಕೂಸು. ಮೊದಲು ನನಗೆ ಅದೇ ನೆನಪಾಯಿತು. ಆಮೇಲೆ ಅಜ್ಜಿಯ ಕೈ ನೋಡಿದೆ, ಹೆಬ್ಬೆರಳು ಗೆಣ್ಣಿಂದ ಗೆಣ್ಣಿಗೆ ಓಡುತ್ತಲೇ ಇತ್ತು.

ಸುರಾಜಿ ಕೆಲಸಕ್ಕೆ ಹೋದ ಹೊತ್ತು ನೋಡಿ ಲಿಯಾನಳ ಎರಡು ಹಳೇ ಅಂಗಿ ಹಿಡಿದು ಹೋದೆ. ಅವನ ಹೆಂಡತಿ ಬಾಗಿಲಲ್ಲಿ ನನ್ನನ್ನು ಕಂಡು, ಏನು ಹೇಳಬೇಕೆಂದು ತಿಳಿಯದೆ ಮಗನನ್ನೇ ನನ್ನ ಕೈಗಿತ್ತಳು. ಅಂಗಿ ಮಡಚಿಡಲು ಅವಳು ಒಳಗೆ ತಿರುಗಿದಾಗ ಕೂಸನ್ನು ಮೆಟ್ಟಿಲ ಕೆಳಗಿನ ಮಣ್ಣಿಗೆ ಇಳಿಸಿ ಎತ್ತಿದೆ.

ಅಜ್ಜಿ ಕೇರಿಯ ತುದಿಯಲ್ಲಿ ಸೊಪ್ಪಿನ ಬುಟ್ಟಿ ಇಟ್ಟುಕೊಂಡು ಕಾಯುತ್ತಿದ್ದಳು.

"ಮುಟ್ಟಿಸಿದ್ಯಾ?"

"ಎರಡೂ ಕಾಲು."

"ಬಲಗಾಲು ಮೊದಲಾ?"

"ಯಾರಿಗ್ಗೊತ್ತು ಅಜ್ಜಿ, ಒದೀತಿದ್ದ. ಇಲ್ನೋಡಿ, ಬಟ್ಟೆ ಪೂರ್ತಿ ಉಚ್ಚೆ."

"ಥೂ, ನಿನ್ನ! ಒಂದು ಕೆಲಸ ನೆಟ್ಟಗೆ ಮಾಡಲ್ಲ," ಎಂದು ಅವಳು ಬೈಯತೊಡಗಿದಳು. ನನ್ನನ್ನು, ನನ್ನ ಮಾವನನ್ನು, ಗುಡಾಣವನ್ನು, ನಾನು ಹುಟ್ಟಿದ ವಾರವನ್ನು, ಸಂತೆದಿನವನ್ನು, ಒಂದನ್ನೂ ಬಿಡದೆ. ಹನ್ನೆರಡು ದಿನದ ಬೈಗುಳ ಬಾಕಿ ಇತ್ತು. ನಾನು ಒದ್ದೆ ಬಟ್ಟೆಯಲ್ಲೇ ನಿಂತು ಪೂರ್ತಿ ಕೇಳಿಸಿಕೊಂಡೆ.