ದೋಣಿಯ ಮೇಲೆ ಬರೆದ ಪಾಸ್‌ವರ್ಡ್

ನಮ್ಮ ಸೈಬರ್ ಭದ್ರತೆಯ ಕಂಪನಿ ಹೇಗೆ ಶುರುವಾಯಿತೆಂದು ಕೇಳಿದವರಿಗೆಲ್ಲ ದೊಡ್ಡ ದೊಡ್ಡ ಮಾತು ಹೇಳಿದ್ದೇನೆ. ನಿಜ ಹೇಳುತ್ತೇನೆ ಕೇಳಿ, ಅದು ಶುರುವಾದದ್ದು ನನ್ನ ಗೆಳತಿಯ ಅಪ್ಪನ ಮರ್ಯಾದೆ ತೆಗೆದು.

ಎರಡು ಸಾವಿರದ ಇಸವಿಯ ಆ ದಶಕದಲ್ಲಿ ಅಂಕೋಲೆಯಲ್ಲಿ ನನ್ನದೊಂದು ಕಂಪ್ಯೂಟರ್ ಕ್ಲಾಸು. ಉಪ್ಪುಗಾಳಿಗೆ ಸಿಪಿಯು ಸ್ಕ್ರೂಗಳೆಲ್ಲ ತುಕ್ಕು ಹಿಡಿಯುತ್ತಿದ್ದವು. ಆ ತುಕ್ಕಿನ ವಾಸನೆ ಈಗ ಎಲ್ಲಾದರೂ ಬಂದರೆ ಆ ಕ್ಲಾಸೇ ನೆನಪಾಗುತ್ತದೆ. ನಮ್ಮದು ಬೇಸಾಯದ ಮನೆ, ನನ್ನ ಜೊತೆ ಕಲಿಸುತ್ತಿದ್ದ ಗೆಳತಿಯದು ಹಾರವಾಡದ ಮೀನುಗಾರರ ಮನೆ. ಪೆನ್‌ಡ್ರೈವ್‌ನಿಂದ ವೈರಸ್ ತೆಗೆಯುವುದು ಅವಳಿಗೆ ಮೀನಿನ ಮುಳ್ಳು ಬಿಡಿಸಿದಷ್ಟೇ ಸಲೀಸು. ಇದನ್ನೇ ಕಸುಬು ಮಾಡೋಣ ಎಂದು ಹೊರಟೆವು. ಬಾಯಿ ನನ್ನದು, ತಲೆ ಅವಳದು.

ಮೊದಲ ಗಿರಾಕಿ ಕಾರವಾರದ ಕಡೆಯ ದೋಣಿ ಮಾಲಕರ ಸಂಘ. ಯಾರೋ ಅವರ ಇ-ಮೇಲ್ ಹೊಕ್ಕು ಕಂಡಕಂಡವರಿಗೆ ಹೊಲಸು ಪತ್ರ ಕಳಿಸಿದ್ದರು. ಸಂಘದ ಕಾರ್ಯದರ್ಶಿ ಯಾರು ಅಂತೀರಿ? ಅವಳ ಅಪ್ಪ! ಪಾಸ್‌ವರ್ಡ್ ಇಟ್ಟವರೂ ಅವರೇ. ಪಾಸ್‌ವರ್ಡ್ ಯಾರಾದರೂ ಊಹಿಸುವಂಥದ್ದೆಂದು ಅಪ್ಪನಿಗೆ ಮೊದಲು ಮನೆಯಲ್ಲೇ ಹೇಳುತ್ತೇನೆ ಎಂದು ಅವಳು ಅಂದಳು. ಎಲ್ಲರೆದುರು ತೋರಿಸಿದರೆ ಮಾತ್ರ ನಂಬುತ್ತಾರೆ ಎಂದು ಹಟ ಹಿಡಿದವಳು ನಾನು.

ಸಭೆಯಲ್ಲಿ ಅಪ್ಪ ಮೀಸೆ ತಿರುವಿದರು. "ನಾ ಹಾಕಿದ್ ಬೀಗ ಗಟ್ಟಿ ಅದೆ. ಕಂಪ್ಯೂಟರೇ ಹಾಳು."

ಅವಳು ಕಿಟಕಿಯ ಹೊರಗೆ ನೋಡಿದಳು. ಬಂದರದಲ್ಲಿ ದೋಣಿ ಕಟ್ಟುವ ಧಕ್ಕೆಯಲ್ಲಿ ಅಪ್ಪನ ದೋಣಿ ನಿಂತಿತ್ತು, ಮೂತಿಯ ಮೇಲೆ ಅಂಗೈಯಗಲದ ಕೆಂಪಕ್ಷರದಲ್ಲಿ ಹೆಸರು, ಪಕ್ಕದಲ್ಲಿ ನಂಬರು. ಎರಡನ್ನೂ ಸೇರಿಸಿ ಒತ್ತಿದಳು. ಮೇಲ್ ತೆರೆಯಿತು.

"ಬಂದರಕ್ಕೆಲ್ಲ ಗೊತ್ತಿದ್ದದ್ದನ್ನ ಗುಟ್ಟು ಅಂದ್ಯಲ್ಲೋ ಮಾರಾಯಾ!" ಎಂದು ಒಬ್ಬರು ಕೂಗಿದರು. ಎಲ್ಲರೂ ಗೊಳ್ಳೆಂದು ನಕ್ಕರು. ನಕ್ಕವರಲ್ಲಿ ಅರ್ಧ ಜನ ಆಮೇಲೆ ಒಬ್ಬೊಬ್ಬರಾಗಿ ಬಂದು ತಮ್ಮದೂ ದೋಣಿಯ ಹೆಸರೇ ಎಂದು ಪಿಸುಗುಟ್ಟಿದರು. ಅಪ್ಪ ಮಾತ್ರ ಚಹಾ ಕುಡಿಯದೆ ಎದ್ದುಹೋದರು.

ಕೆಲಸ ಸಿಕ್ಕಿತು. ಆದರೆ ಅಪ್ಪ ಮಗಳ ಹತ್ತಿರ ಮಾತು ಬಿಟ್ಟರು. ಅವಳು ಊಟಕ್ಕೆ ಕೂತರೆ ತಟ್ಟೆ ಹಿಡಿದು ಜಗಲಿಗೆ ಹೋಗುತ್ತಿದ್ದರು. ಮಳೆಗಾಲವಿಡೀ ಹೀಗೇ. "ಅಪ್ಪನ ಬಿಟ್ಟು ನಂಗೆ ಎಂತಾ ಕಂಪ್ನಿಯೂ ಬ್ಯಾಡ ಮಾರಾಯ್ತಿ" ಎಂದು ಅತ್ತಳು. ಕಂಪನಿಗೆಂದು ಬರೆಸಿದ್ದ ಬೋರ್ಡು ಗೋಡೆಗೆ ಮುಖ ಮಾಡಿ ಕೂತಿತ್ತು. ಮೊದಲು ಅವಳ ಮೇಲೆ ಸಿಟ್ಟು ಬಂತು. ತಪ್ಪು ನನ್ನದೆಂದು ಹೊಳೆದದ್ದು ತಡವಾಗಿ.

ಮಳೆ ಕಳೆದು ದೋಣಿಗಳು ಕಡಲಿಗಿಳಿದ ಮೇಲೆ ಒಂದು ದಿನ ಅಪ್ಪ ತಾವಾಗಿಯೇ ನಮ್ಮ ಕ್ಲಾಸಿಗೆ ಬಂದರು. ಹೊಸ ಇ-ಮೇಲ್ ವಿಳಾಸ ಬರೆದ ಚೀಟಿ ಮಗಳ ಮುಂದಿಟ್ಟರು.

"ತೆಗಿ ನೋಡ್ವಾ."

ಅವಳು ದೋಣಿ, ಅಮ್ಮ, ಕುಲದೇವರು, ತನ್ನ ಹುಟ್ಟಿದ ದಿನ, ಎಲ್ಲ ಹಾಕಿ ನೋಡಿದಳು. ಚಹಾ ಆರಿತು. ಮೇಲ್ ತೆರೆಯಲಿಲ್ಲ.

"ಸೋತೆ ಅಪ್ಪಾ. ನೀ ಎಂತಾ ಇಟ್ಟಿದ್ದೆ?"

"ನಮ್ ಮೀನಿನ ಜಾಗದ ಗುರ್ತು."

ಕಡಲಲ್ಲಿ ಒಳ್ಳೆಯ ಮೀನು ಸಿಕ್ಕುವ ಜಾಗವನ್ನು ದಡದ ಗುಡ್ಡ, ಮರ ನೋಡಿ ಗುರುತಿಟ್ಟುಕೊಳ್ಳುತ್ತಾರೆ. ಅದನ್ನು ಪಕ್ಕದ ದೋಣಿಯವರಿಗಿರಲಿ, ಹೆಂಡತಿಗೂ ಹೇಳುವುದಿಲ್ಲ. ತಮ್ಮ ನಂತರ ದೋಣಿ ಹತ್ತುವ ಮಗನಿಗೆ ಮಾತ್ರ. ಅವಳ ಅಪ್ಪನಿಗೆ ಗಂಡುಮಕ್ಕಳಿರಲಿಲ್ಲ.

ನನ್ನತ್ತ ತಿರುಗಿ, "ತಂಗಿ, ನೀ ಸ್ವಲ್ಪ ಹೊರಗ್ ಹೋಗು" ಎಂದರು. ನನ್ನದೇ ಕ್ಲಾಸಿನಿಂದ ನನ್ನನ್ನೇ! ಹೋದೆ. ಬಾಗಿಲಿಂದ ಇಣುಕಿದರೆ, ಬಾಗಿ ಮಗಳ ಕಿವಿಯಲ್ಲಿ ಏನೋ ಹೇಳುತ್ತಿದ್ದರು. ಅದೇನೆಂದು ಇವತ್ತಿಗೂ ನನಗೆ ಗೊತ್ತಿಲ್ಲ.

ಅವಳು ಕಣ್ಣೊರೆಸಿಕೊಂಡು, "ಈಗ ನಂಗೆ ಗೊತ್ತಾಯ್ತಲ್ಲ ಅಪ್ಪಾ, ಪಾಸ್‌ವರ್ಡ್ ಬದ್ಲಾಯ್ಸು" ಎಂದಳು.

"ಅದ್ನ ಬದ್ಲಾಯಿಸ್ತೆ," ಅಂದರು ಅಪ್ಪ. "ಜಾಗ ನಿಂದೇ."