ಟ್ರಂಕಿನೊಳಗಿನ ಬುರ್ಖಾ

ನಿನ್ನ ಅಬ್ಬಾ ನಮ್ಮ ಬಾಗಿಲಿಗೆ ಬಂದು ಕೇಳಿದಾಗ ನಾನು ಸುಳ್ಳು ಹೇಳಿದೆ, ನಫೀಸಾ. ಆ ಭಾನುವಾರ ನಿನ್ನ ಜೊತೆ ನಾನಿರಲಿಲ್ಲ ಎಂದೆ. ನೀನು ಬಿಚ್ಚಿ ನನಗೆ ತೊಡಿಸಿದ ಬುರ್ಖಾ ಆ ಹೊತ್ತಿಗೆ ನನ್ನ ಕೋಣೆಯ ಟ್ರಂಕಿನಲ್ಲಿ, ಸೀರೆಗಳ ಕೆಳಗೆ, ಇನ್ನೂ ಒದ್ದೆಯಾಗಿಯೇ ಇತ್ತು. ನಿನಗೆ ಇದೆಲ್ಲ ಗೊತ್ತು — ಗೊತ್ತಿಲ್ಲದಿರುವುದು ಉಳಿದವರಿಗೆ. ಆದರೂ ನಿನಗೇ ಹೇಳುತ್ತಿದ್ದೇನೆ. ಇಷ್ಟು ವರ್ಷಗಳಲ್ಲಿ ನಿನ್ನೆದುರು ಒಮ್ಮೆಯೂ ಈ ಮಾತು ನನ್ನ ಬಾಯಿಂದ ಬರಲಿಲ್ಲ.

ಆಗ ನಾವಿಬ್ಬರೂ ಸೇಡಮ್ಮಿನ ಪ್ರಾಥಮಿಕ ಶಾಲೆಯಲ್ಲಿ ಹೊಸ ಶಿಕ್ಷಕಿಯರು. ಶಾಲೆಯ ಬೋರ್ಡಿನ ಮೇಲೆ ಇನ್ನೂ ಮೈಸೂರು ರಾಜ್ಯ ಎಂದೇ ಬರೆದಿತ್ತು. ನಿನ್ನ ಅಬ್ಬಾ ಪೇಟೆಯಲ್ಲಿ ಬಟ್ಟೆ ಹೊಲಿಯುತ್ತಿದ್ದರು. ಊರೆಲ್ಲ ಅವರನ್ನು ಚಾಚಾ ಎನ್ನುತ್ತಿತ್ತು, ನಾನೂ ಹಾಗೇ ಕರೆಯುತ್ತಿದ್ದೆ. ನಾನು ದಂಡೋತಿಯವಳು, ಸೇಡಮ್ಮಿನಲ್ಲಿ ಅಣ್ಣನ ಮನೆಯಲ್ಲಿದ್ದೆ. ನೌಕರಿಗೆ ಹೋಗಲು ಅಪ್ಪ ಒಪ್ಪಿದ್ದು ಒಂದು ಷರತ್ತಿನ ಮೇಲೆ — ಏನಾದರೂ ಮಾತು ಬಂದರೆ ಆ ದಿನವೇ ಊರಿಗೆ ವಾಪಸ್. ನಿನಗೆ ಶಹಾಬಾದಿನ ಹುಡುಗನೊಂದಿಗೆ ಮದುವೆ ನಿಶ್ಚಯವಾಗಿತ್ತು. ಮದುವೆಯಾದ ಮೇಲೂ ಪಾಠ ಮಾಡಲು ಅವರ ಮನೆಯವರು ಒಪ್ಪಿದ್ದಾರೆಂದು ನೀನು ಎಷ್ಟು ಸಲ ಹೇಳಿದ್ದೆ!

ಚಿಂಚೋಳಿ ಕಾಡಿನ ಎತ್ತಿಪೋತದಲ್ಲಿ ಶ್ರಾವಣದ ನೀರು ಬೀಳುವುದನ್ನು ನೋಡಬೇಕೆಂದು ಹಟ ಹಿಡಿದವಳು ನಾನು. ನೀನಲ್ಲ. ಪಾಠದ ಪುಸ್ತಕದಲ್ಲಿ ಜಲಪಾತದ ಚಿತ್ರವಿತ್ತು. ಮಕ್ಕಳಿಗೆ ಬಾಯಿ ತುಂಬ ವರ್ಣಿಸುತ್ತಿದ್ದೆವು, ನಾವು ಮಾತ್ರ ನೋಡಿರಲಿಲ್ಲ. ಸುತ್ತ ಎಲ್ಲಿ ನೋಡಿದರೂ ತೊಗರಿ ಹೊಲ, ಕಾಲ ಕೆಳಗೆ ಫರಸಿ ಕಲ್ಲು. ನಾನು ನಿನ್ನ ಬೆನ್ನು ಹತ್ತಿದೆ. ಮದುವೆಯಾದ ಮೇಲೆ ನಿನ್ನನ್ನು ಯಾರು ಬಿಡುತ್ತಾರೆ ಎಂದೆ. ಶಾಲೆಯ ಕೆಲಸಕ್ಕೆ ಚಿತ್ತಾಪುರಕ್ಕೆ ಹೋಗುತ್ತೇನೆಂದು ನಾನು ಅಣ್ಣನಿಗೆ ಹೇಳುವುದು, ದಂಡೋತಿಗೆ ನಮ್ಮ ಮನೆಗೆ ಊಟಕ್ಕೆ ಹೋಗುತ್ತೀಯೆಂದು ನೀನು ನಿನ್ನ ಮನೆಯಲ್ಲಿ ಹೇಳುವುದು — ಎರಡು ಸುಳ್ಳನ್ನೂ ನಾನೇ ಹೆಣೆದು ಕೊಟ್ಟೆ.

ಚಿಂಚೋಳಿಯವರೆಗೆ ಒಂದು ಬಸ್ಸು, ಅಲ್ಲಿಂದ ಕುಂಚಾವರಂ ಕಡೆಯ ಇನ್ನೊಂದು. ಕಾಡಿನ ದಾರಿಯಲ್ಲಿ ಇಳಿದು, ದನ ಕಾಯುವವರನ್ನು ಕೇಳುತ್ತಾ ನಡೆದೆವು. ನೀರು ಕಾಣುವುದಕ್ಕೆ ಮೊದಲೇ ಅದರ ಸದ್ದು ಕೇಳಿಸಿತು. ಕಪ್ಪು ಬಂಡೆಯ ಮೇಲಿಂದ ಕೆಮ್ಮಣ್ಣಿನ ಬಣ್ಣದ ನೀರು ಧುಮುಕುತ್ತಿತ್ತು. ತುಂತುರು ಮುಖಕ್ಕೆ ಹೊಡೆದಾಗ ನಾನು ನಗತೊಡಗಿದೆ — ಕಾರಣವಿಲ್ಲದೆ, ಸಣ್ಣ ಹುಡುಗಿಯ ಹಾಗೆ. ಅಣ್ಣ, ಅಪ್ಪ, ನೌಕರಿ, ನಾಳೆ ತಿದ್ದಬೇಕಿದ್ದ ಕಾಪಿಗಳು, ಯಾವುದೂ ನೆನಪಾಗಲಿಲ್ಲ. ಸಣ್ಣದೊಂದು ಕಪ್ಪು ಹಕ್ಕಿ ನೇರ ಹಾರಿ ಬಂದು ನೀರಿನ ಪರದೆಯೊಳಗೇ ನುಗ್ಗಿತು. ಸತ್ತೇ ಹೋಯಿತೆಂದುಕೊಂಡೆ. ಸ್ವಲ್ಪ ಹೊತ್ತಿಗೆ ಇನ್ನೊಂದು ಬದಿಯಿಂದ ಹೊರಬಂದಿತು. ನೀರಿನ ಹಿಂದೆ ಬಂಡೆಯಲ್ಲಿ ಅದರ ಗೂಡಿರಬೇಕು. ಮತ್ತೆ ಹೋಯಿತು, ಮತ್ತೆ ಬಂತು.

ಬಸ್ಸಿನ ಹೊತ್ತಾಯಿತೆಂದು ನೀನು ಹೇಳಿದೆ. ಹಕ್ಕಿ ಹೊರಗೆ ಬರಲಿ ಎಂದೆ ನಾನು. ಬಂತು, ಇನ್ನೊಂದು ಸಲ ಎಂದೆ. ನೀನು ನೀರಿಗೆ ಬೆನ್ನು ಮಾಡಿ, ಮರದ ತುದಿಯ ಬಿಸಿಲನ್ನೇ ನೋಡುತ್ತ ಕೂತಿದ್ದೆ. ಹೊತ್ತು ಮುಳುಗಿದಾಗಿನ ಮಗ್ರಿಬ್ ನಮಾಜಿನೊಳಗೆ ಮನೆ ಸೇರಬೇಕಿತ್ತು ನೀನು. ಕಡೆಗೆ ನನ್ನ ಕೈ ಹಿಡಿದೆಳೆದೆ. ಹಕ್ಕಿ ಒಳಗೆ ಹೋಗಿತ್ತು, ಹೊರಗೆ ಬರುವುದನ್ನು ನಾನು ನೋಡಲಿಲ್ಲ. ಅಷ್ಟಕ್ಕೇ ನಿನ್ನ ಮೇಲೆ ಸಿಡುಕಿದೆ. ಈಗಿನ ಕ್ಷಣದಲ್ಲಿ ಬದುಕಬೇಕು ಎಂದು ಯಾರಾದರೂ ಹೇಳಿದರೆ ನನಗೆ ಕಸಿವಿಸಿಯಾಗುತ್ತದೆ. ಆ ಮಧ್ಯಾಹ್ನ ನಾನು ಹಾಗೆ ಬದುಕಿದ್ದೆ, ನನ್ನ ಕಾವಲಿಗೆ ನಿನ್ನನ್ನು ಕೂರಿಸಿಕೊಂಡು.

ರಸ್ತೆಗೆ ಬರುವಷ್ಟರಲ್ಲಿ ಬಸ್ಸು ಹೋಗಿಬಿಟ್ಟಿತ್ತು. ಜಿನುಗು ಮಳೆ ಶುರುವಾಯಿತು. ಕಾಡಿನ ದಾರಿ, ಇಬ್ಬರೇ ಹೆಣ್ಣುಮಕ್ಕಳು. ಬಹಳ ಹೊತ್ತಿನ ಮೇಲೆ ಬಿದಿರು ತುಂಬಿದ ಲಾರಿಯೊಂದು ಬಂತು. ನೀನು ಕೈ ಮಾಡಿದೆ. ಸ್ವಲ್ಪ ಮುಂದೆ ಹೋಗಿ ನಿಂತಿತು. "ಎಲ್ಲಿಗಿ ಹೋಗಬೇಕ್ರಿ ಅಮ್ಮಾ?" ಎಂದು ಡ್ರೈವರ್ ಕೂಗಿದ.

ಆ ದನಿ ನನಗೆ ಗೊತ್ತಿತ್ತು. ದಂಡೋತಿಯಲ್ಲಿ ನಮ್ಮ ಓಣಿಯ ಮಾಣಿಕಪ್ಪ. ವಾರಕ್ಕೊಮ್ಮೆ ನಮ್ಮಪ್ಪನ ಜೊತೆ ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಹಾಕುವವನು. ನಾನು ಮರದ ಮರೆಗೆ ಸರಿದೆ, ಸತ್ತೆ ಎಂದೆ. ನೀನು ಒಂದು ಮಾತೂ ಕೇಳಲಿಲ್ಲ. ನಿನ್ನ ಬುರ್ಖಾ ಬಿಚ್ಚಿದೆ, ನನ್ನ ತಲೆಯ ಮೇಲಿಂದ ಎಳೆದು ತೊಡಿಸಿದೆ, ಮುಖದ ಪರದೆ ಇಳಿಬಿಟ್ಟೆ.

"ನೀ ಮಾತಾಡಬ್ಯಾಡ ಅಷ್ಟ. ನನಗ ಇಲ್ಲಿ ಯಾರ್ ಗುರ್ತ ಹಿಡೀತಾರ?" ಎಂದೆ ನೀನು.

ನೀನು ಸೀರೆಯ ಸೆರಗನ್ನೇ ತಲೆಯ ಮೇಲೆ ಹೊದ್ದು ಮುಂದೆ ನಡೆದೆ. ದಾರಿಯುದ್ದಕ್ಕೂ ಮಾಣಿಕಪ್ಪ ಏನು ಕೇಳಿದರೂ ಉತ್ತರ ಕೊಟ್ಟವಳು ನೀನು. ನಾನು ಆ ಕಪ್ಪು ಬಟ್ಟೆಯೊಳಗೆ ಬಾಯಿಗೆ ಬೀಗ ಹಾಕಿಕೊಂಡು, ನಿನ್ನ ಬಟ್ಟೆಯ ಅತ್ತರಿನ ವಾಸನೆ ಕುಡಿಯುತ್ತ ಕೂತಿದ್ದೆ. ನನ್ನನ್ನು ಉಳಿಸಿದೆಯಲ್ಲ ಎಂದು ಖುಷಿಯೂ ಆಗಿತ್ತು. ನಿಜ ಹೇಳುತ್ತೇನೆ, ನಿನ್ನ ಮುಖ ಬಯಲಾಗಿದೆ ಎಂಬುದು ನನಗೆ ಹೊಳೆಯಲೇ ಇಲ್ಲ.

ಸೇಡಮ್ಮಿನ ಬಸ್‌ಸ್ಟ್ಯಾಂಡಿನ ಮುಂದೆ ಲಾರಿ ನಿಂತಿತು. ಚಹಾದ ಹೋಟೆಲಿನಲ್ಲಿ ಗ್ಯಾಸ್‌ಬತ್ತಿ ಉರಿಯುತ್ತಿತ್ತು. ಮೊದಲು ನೀನು ಇಳಿದೆ, ಆಮೇಲೆ ನಾನು. ಹೋಟೆಲಿನ ಬೆಂಚಿನ ಮೇಲಿಂದ ಯಾರೋ ಎದ್ದು ನಿಂತು ನಿನ್ನ ಹೆಸರು ಕೂಗಿದರು. ನೀನು ನಿಂತೆ. ನಾನು ನಿಲ್ಲಲಿಲ್ಲ. ಪಕ್ಕದ ಓಣಿಗೆ ನುಗ್ಗಿ, ಅಲ್ಲಿ ಬುರ್ಖಾ ಬಿಚ್ಚಿ ಸುತ್ತಿ ಚೀಲಕ್ಕೆ ತುರುಕಿ ಕಾಲಿಗೆ ಬುದ್ಧಿ ಹೇಳಿದೆ. ಕೂಗಿದವರು ನಿನ್ನನ್ನು ಮದುವೆಯಾಗಬೇಕಿದ್ದ ಹುಡುಗನ ಸೋದರಮಾವ, ಅವನ ಮಾಮೂ, ಶಹಾಬಾದಿಗೆ ಹೋಗಲು ಬಸ್ಸಿಗಾಗಿ ಕಾಯುತ್ತಿದ್ದರು ಎಂದು ಮರುದಿನ ತಿಳಿಯಿತು.

ಮರುದಿನ ಸಂಜೆ ಚಾಚಾ ಬಂದರು. ಹಿಂದೆ ಆ ಮಾಮೂ. ಅಣ್ಣ ಅಂಗಳದಲ್ಲಿ ಮುಖ ತೊಳೆಯುತ್ತಿದ್ದ. ಚಾಚಾ ಒಳಗೆ ಬರಲಿಲ್ಲ, ಕುಂದ್ರಿ ಎಂದರೂ ಕೂರಲಿಲ್ಲ. ಹೆಗಲ ಮೇಲೆ ಅಳತೆಯ ಟೇಪು ಹಾಗೇ ಇತ್ತು, ಅಂಗಡಿಯಿಂದ ಎದ್ದವರು ನೇರ ಬಂದಿದ್ದರು.

"ಬೇಟಿ, ನಫೀಸಾ ನಿನ್ ಸಂಗಟ ನೀರ್ ನೋಡಾಕ ಹೋಗಿದ್ದೆ ಅಂತಾಳ. ಬುರ್ಖಾ ನಿನಗ ಕೊಟ್ಟೀನಿ ಅಂತಾಳ. ಖರೇ ಏನವ್ವಾ? ನೀ ಹೂಂ ಅಂದ್ರ ಸಾಕು."

ಅಣ್ಣ ನೀರಿನ ತಂಬಿಗೆ ಕೆಳಗಿಟ್ಟು ನನ್ನತ್ತ ತಿರುಗಿದ. ನನ್ನ ನೌಕರಿ ಕಂಡಿತು, ದಂಡೋತಿಯ ಮನೆಯ ಕತ್ತಲೆ ಅಡುಗೆಮನೆ ಕಂಡಿತು. ನಿನ್ನ ಮುಖ ಮಾತ್ರ... ಇಲ್ಲ, ಅದೂ ಕಂಡಿತು. ಕಂಡೇ ಹೇಳಿದೆ.

"ಇಲ್ಲರಿ ಚಾಚಾ. ನಾ ಸಾಲಿ ಕೆಲಸಕ್ಕ ಚಿತ್ತಾಪುರಕ್ಕ ಹೋಗಿದ್ದೆ."

ಮಾಮೂ ನಕ್ಕರು. "ನೀರ್ ನೋಡಾಕಂತ, ನೀರ್," ಎಂದರು. ಅವರು ನಕ್ಕದ್ದು ನನಗೆ ಈಗಲೂ ಕೇಳಿಸುತ್ತದೆ. ನೆಂಟರ ಮನೆಗಲ್ಲ, ದರ್ಗಾಕ್ಕಲ್ಲ, ದವಾಖಾನೆಗಲ್ಲ — ಬರೀ ನೀರು ಬೀಳುವುದನ್ನು ನೋಡಲು ಹೆಣ್ಣುಮಗಳೊಬ್ಬಳು ಅಷ್ಟು ದೂರ ಹೋಗುತ್ತಾಳೆಂದರೆ ಯಾರು ನಂಬುತ್ತಾರೆ? ನಂಬಿಸಬಹುದಾಗಿದ್ದವಳು ಒಬ್ಬಳೇ, ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಚಾಚಾ ನನ್ನ ತಲೆಯ ಮೇಲೆ ಕೈಯಿಟ್ಟು, ತಕಲೀಫ್ ಕೊಟ್ಟೆವು ಅವ್ವಾ ಎಂದು ಹೇಳಿ ಹೋದರು.

ಮಾಣಿಕಪ್ಪನನ್ನೂ ಕೇಳಿದರಂತೆ. ಬುರ್ಖಾದವಳು ಬಾಯೇ ಬಿಡಲಿಲ್ಲ ಎಂದನಂತೆ ಅವನು. ಅವನು ಕಂಡದ್ದು ಅಷ್ಟೇ. ಉಳಿದದ್ದನ್ನು ಊರು ಕಟ್ಟಿಕೊಂಡಿತು: ನೀನು ಯಾರನ್ನೋ ಕಾಣಲು ಹೋಗಿದ್ದೆ, ಜೊತೆಗಿದ್ದವಳು ಅದಕ್ಕೆ ಸಹಾಯ ಮಾಡುವವಳು. ಮದುವೆ ಮುರಿಯಿತು. ನಿನ್ನನ್ನು ಶಾಲೆ ಬಿಡಿಸಿದರು. ನಿನ್ನ ಮೂರನೆಯ ಇಯತ್ತೆಯ ಮಕ್ಕಳನ್ನು ನನ್ನ ಕ್ಲಾಸಿಗೇ ಸೇರಿಸಿದರು, ನಫೀಸಾ ಟೀಚರ್ ಯಾವಾಗ ಬರುತ್ತಾರೆಂದು ಅವು ನನ್ನನ್ನೇ ಕೇಳುತ್ತಿದ್ದವು. ಆ ವರ್ಷವೇ ನಿನ್ನನ್ನು ಭಂಕೂರದಲ್ಲಿ ಹೆಂಡತಿ ಸತ್ತ, ಮಕ್ಕಳಿದ್ದ ಒಬ್ಬರಿಗೆ ಕೊಟ್ಟರು. ನನ್ನ ನೌಕರಿ ಉಳಿಯಿತು. ಈಗ ನಾನು ಅದೇ ಶಾಲೆಯ ಹೆಡ್‌ಮಿಸ್.

ಚಾಚಾ ತೀರಿಕೊಂಡ ದಿನ ನಿಮ್ಮ ಓಣಿಯ ತಿರುವಿನವರೆಗೆ ಬಂದು ಹಿಂದಿರುಗಿದೆ. ಇದನ್ನೂ ಹೇಳಿಬಿಡುತ್ತೇನೆ.

ಹೋದ ತಿಂಗಳು ವಾಡಿ ಜಂಕ್ಷನ್ನಿನಲ್ಲಿ ನೀನು ಸಿಕ್ಕೆ. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಗಂಟು ಮೂಟೆಯೊಂದಿಗೆ ಕೂತಿದ್ದೆ. ಮುಖ ತಿರುಗಿಸಿ ಹೋಗಬೇಕೆಂದುಕೊಂಡೆ, ನೀನೇ ಕರೆದು ಪಕ್ಕದಲ್ಲಿ ಜಾಗ ಮಾಡಿದೆ. ಬಯ್ಯುತ್ತೀಯೆಂದು ಕಾದೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ನೀನು ನನ್ನ ಆರೋಗ್ಯ ಕೇಳಿದೆ, ಶಾಲೆಯ ಬೇವಿನ ಮರ ಇದೆಯೇ ಎಂದು ಕೇಳಿದೆ. ರೈಲು ಬಂತು. ಎದ್ದವಳು ನೀನು ತಿರುಗಿ ನಿಂತೆ.

"ಶಕುಂತಲಾ, ಆ ಹಕ್ಕಿ... ನೀರಾಗಿಂದ ಹ್ಯಾಂಗ್ ಹೊರಗ ಬರ್ತಿತ್ತು? ನೀ ಭಾಳ ಹೇಳ್ತಿದ್ದಿ. ನಾ ನೋಡಲೇ ಇಲ್ಲ. ಹೊತ್ತು ನೋಡಕೋತ ಕುಂತಿದ್ದೆ."

ನಾನು ನಿನ್ನ ಮೂಟೆಯನ್ನೆತ್ತಿ ಡಬ್ಬಿಯೊಳಗಿಟ್ಟೆ. ರೈಲು ಹೊರಟಿತು. ನೋಡಿದ್ದಕ್ಕಾಗಿ ನಿನಗೆ ಶಿಕ್ಷೆಯಾಯಿತು ಎಂದುಕೊಂಡಿದ್ದೆ ಇಷ್ಟು ದಿನ. ನೀನು ನೋಡಿಯೇ ಇರಲಿಲ್ಲ.

ಮೊನ್ನೆ ಟ್ರಂಕು ತೆಗೆದು ಬುರ್ಖಾವನ್ನು ಅಣ್ಣನ ಮುಂದಿಟ್ಟು ಎಲ್ಲವನ್ನೂ ಹೇಳಿದೆ. ಅವನಿಗೂ ಈಗ ವಯಸ್ಸಾಗಿದೆ. "ಆ ಮುದುಕ ಬಾಗಿಲಾಗ ನಿಂತಿದ್ದ ಅಲ್ಲೇನ," ಎಂದನಷ್ಟೇ. ಎದ್ದು ಹೊರಗೆ ಹೋದ. ಅಂದೇ ನಿಜ ಹೇಳಿದ್ದರೆ ನನ್ನನ್ನು ದಂಡೋತಿಗೆ ಕಳಿಸುತ್ತಿದ್ದನೋ ಇಲ್ಲವೋ, ನಾನು ಕೇಳಲಿಲ್ಲ. ಕೇಳುವ ಹಕ್ಕು ನನಗಿಲ್ಲ.

ಭಾನುವಾರ ಭಂಕೂರಕ್ಕೆ ಬರುತ್ತೇನೆ. ನಿನ್ನ ಗಂಡ, ಮಕ್ಕಳು, ನೆರೆಯವರು ಯಾರಿದ್ದರೂ ಸರಿ, ಅವರೆದುರು ಬುರ್ಖಾ ಇಡುತ್ತೇನೆ. ಒಳಗೆ ಕರೆಯದಿದ್ದರೆ ಬಾಗಿಲಲ್ಲೇ ನಿಂತು ಹೇಳುತ್ತೇನೆ, ನಿನ್ನ ಅಬ್ಬಾ ನಮ್ಮ ಬಾಗಿಲಲ್ಲಿ ನಿಂತ ಹಾಗೆ. ಆಮೇಲೆ ಶಹಾಬಾದಿಗೆ ಹೋಗಿ ಆ ಮಾಮೂನ ಮನೆ ಹುಡುಕುತ್ತೇನೆ. ಕ್ಷಮಿಸು ಎಂದು ನಿನ್ನನ್ನು ಕೇಳುವುದಿಲ್ಲ. ಅಂದು ನನ್ನಿಂದ ಒಂದೇ ಒಂದು ಉತ್ತರ ಬೇಕಾಗಿತ್ತು, ಅದನ್ನು ಕೇಳಿದವರು ಈಗಿಲ್ಲ. ಆದರೂ ಅವರಿಗೆ ಹೇಳಬೇಕಾದ ರೀತಿಯಲ್ಲೇ ಹೇಳುತ್ತೇನೆ:

ಹೂಂ ರೀ ಚಾಚಾ. ನಾ ಇದ್ದೆ. ಆಕಿನ್ನ ಕರಕೊಂಡು ಹೋದಾಕಿ ನಾನೇ.